ಹೊಟ್ಟೆ ತೆರೆದಾಗ ಎದುರಾಗುವ ಅಪೆಂಡಿಕ್ಸ್: ತೆಗೆಯುವುದು ಯಾವಾಗ, ಬಿಡುವುದು ಯಾವಾಗ

“ಹೇಗೂ ಹೊಟ್ಟೆ ಕೊಯ್ಯುತ್ತೀರಲ್ಲ ಮೇಡಂ, ಅಪೆಂಡಿಕ್ಸನ್ನೂ ತೆಗೆದುಬಿಡಿ.” ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಳ್ಳಲು ಬಂದ ಹೆಂಗಸರಿಗಿಂತ ಅವರ ಜೊತೆಗೆ ಬಂದ ಗಂಡ, ಅಣ್ಣ, ಭಾವಂದಿರ ಬಾಯಲ್ಲಿ ಈ ಮಾತು ಹೆಚ್ಚು. ಒಂದೇ ಅರಿವಳಿಕೆ, ಒಂದೇ ಗಾಯ, ಒಂದೇ ಸಲ ಆಸ್ಪತ್ರೆಯ ವಾಸ, ಮನೆಯಲ್ಲಿ ಒಂದೇ ಬಾಣಂತನದಂತಹ ಆರೈಕೆ. ಲೆಕ್ಕ ಹಾಕಿದವರನ್ನು ದಡ್ಡರೆನ್ನಲಾಗದು. ನಾನು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ನಮ್ಮ ಹಿರಿಯರಲ್ಲೂ ಕೆಲವರು ಇದೇ ಲೆಕ್ಕದವರು. ಗರ್ಭಕೋಶ ತೆಗೆದು ಮುಗಿದ ಮೇಲೆ, ಸಮಯವಿದ್ದರೆ, ಕಲಿಯುವ ಹುಡುಗರಿಗೆ ಕೈ ಪಳಗಲಿ ಎಂದು ಅಪೆಂಡಿಕ್ಸ್ ತೆಗೆಸುತ್ತಿದ್ದರು. ಇನ್ನು ಕೆಲವರು ಕರುಳಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅದು ಜನರಲ್ ಸರ್ಜನ್ನರ ಸೀಮೆ, ನಾವೇಕೆ ಕಾಲಿಡಬೇಕು ಎನ್ನುತ್ತಿದ್ದರು.

ಮಲೆನಾಡಿನ ಜಿಲ್ಲಾ ಕೇಂದ್ರವೊಂದರಲ್ಲಿ ಸ್ತ್ರೀರೋಗ ತಜ್ಞೆಯಾಗಿ ಕೆಲಸ ಮಾಡುತ್ತ ನಾನು ಇವೆರಡರ ನಡುವೆ ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಹೊಟ್ಟೆಯೊಳಗೆ ಹೋದಾಗಲೆಲ್ಲ ಅಪೆಂಡಿಕ್ಸನ್ನು ನೋಡುತ್ತೇನೆ. ಕೆಲವರದನ್ನು ಮಾತ್ರ ತೆಗೆಯುತ್ತೇನೆ. ತೆಗೆಯುವ ಮಾತು ರೋಗಿ ಎಚ್ಚರವಾಗಿ ಕುರ್ಚಿಯ ಮೇಲೆ ಕುಳಿತಿರುವಾಗಲೇ ಆಗಿರಬೇಕು. ಇಷ್ಟೇ. ಹೇಳಲು ಸುಲಭ, ಆದರೆ ಇದರ ಹಿಂದೆ ಒಂದಿಷ್ಟು ಕಾರಣಗಳಿವೆ.

ಮೊದಲನೆಯದು ವಯಸ್ಸು. ಅಪೆಂಡಿಸೈಟಿಸ್, ಅಂದರೆ ಅಪೆಂಡಿಕ್ಸಿನ ಊತ, ಹೆಚ್ಚಾಗಿ ಕಾಡುವುದು ಹದಿಹರೆಯದವರನ್ನು ಮತ್ತು ಇಪ್ಪತ್ತರ ಆಸುಪಾಸಿನವರನ್ನು. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ 1990ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕಾಚಾರದ ಪ್ರಕಾರ, ಹೆಣ್ಣಿಗೆ ಜೀವಮಾನದಲ್ಲಿ ಅದು ಬರುವ ಸಂಭವ ನೂರಕ್ಕೆ 6.7, ಗಂಡಿಗೆ 8.6. ಬೇರೆ ಶಸ್ತ್ರಚಿಕಿತ್ಸೆಯ ಜೊತೆಗೆ ಆರೋಗ್ಯವಾಗಿರುವ ಅಪೆಂಡಿಕ್ಸನ್ನು ತೆಗೆಯುವ ವಿಚಾರವನ್ನೂ ಅದು ಲೆಕ್ಕ ಹಾಕಿತ್ತು: ಒಂದು ಅಪೆಂಡಿಸೈಟಿಸ್ ತಪ್ಪಿಸಲು ಸುಮಾರು 36 ಅಪೆಂಡಿಕ್ಸ್ ತೆಗೆಯಬೇಕಾಗುತ್ತದೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಈಗ ನಮ್ಮ ರೋಗಿಗಳ ಕಡೆ ನೋಡಿ. ಗರ್ಭಕೋಶ ತೆಗೆಸಿಕೊಳ್ಳಲು ಬರುವಾಕೆಗೆ ಸಾಮಾನ್ಯವಾಗಿ ನಲವತ್ತು ದಾಟಿರುತ್ತದೆ. ಅಪೆಂಡಿಕ್ಸ್ ಕೈಕೊಡುವ ವಯಸ್ಸನ್ನು ಆಕೆ ದಾಟಿ ಬಂದಾಗಿದೆ. ಆ ವಯಸ್ಸಿನಲ್ಲಿರುವ ಹುಡುಗಿಯರು ನಮ್ಮ ಮೇಜಿನ ಮೇಲೆ ಮಲಗುವುದೇ ಅಪರೂಪ. ಅಂದರೆ ಈ ಚಿಕಿತ್ಸೆಯಿಂದ ಯಾರಿಗೆ ಲಾಭವೋ ಅವರು ನಮಗೆ ಸಿಗುವುದು ಕಡಿಮೆ, ಸಿಗುವವರಿಗೆ ಲಾಭ ಕಡಿಮೆ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘಟನೆ 2005ರಲ್ಲಿ ಕೊಟ್ಟ ಅಭಿಪ್ರಾಯವೂ ಇದೇ ಧಾಟಿಯದು. ಎಲ್ಲರಿಗೂ ಒಂದೇ ನಿಯಮ ಬೇಡ. 35 ವರ್ಷದೊಳಗಿನವರಲ್ಲಿ ಪ್ರಯೋಜನ ಹೆಚ್ಚು. ದೀರ್ಘಕಾಲದ ಕಿಬ್ಬೊಟ್ಟೆ ನೋವು ಅಥವಾ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂತಹ ಅಂಗಾಂಶ ಬೇರೆಡೆ ಬೇರೂರುವ ಕಾಯಿಲೆ) ಇರುವವರು, ಮುಂದೆ ವಿಕಿರಣ ಚಿಕಿತ್ಸೆಯೋ ದೊಡ್ಡ ಶಸ್ತ್ರಚಿಕಿತ್ಸೆಯೋ ಕಾದಿರುವವರು, ತಮ್ಮ ನೋವನ್ನು ಹೇಳಿಕೊಳ್ಳಲಾಗದವರು ಇವರ ವಿಷಯದಲ್ಲಿ ಯೋಚಿಸಬಹುದು ಎನ್ನುತ್ತದೆ ಅದು.

ಎರಡನೆಯದು ನೆರೆಹೊರೆ. ಬಲ ಅಂಡಾಶಯ ಮತ್ತು ಅಪೆಂಡಿಕ್ಸ್ ಒಂದೇ ಬೀದಿಯ ಅಕ್ಕಪಕ್ಕದ ಮನೆಯವರು. ಲಂಡನ್ನಿನ ವೇಕ್ಲಿ ಎಂಬ ವೈದ್ಯ 1933ರಲ್ಲಿ ಹತ್ತು ಸಾವಿರ ದೇಹಗಳಲ್ಲಿ ಅಪೆಂಡಿಕ್ಸ್ ಯಾವ ದಿಕ್ಕಿಗೆ ಚಾಚಿರುತ್ತದೆ ಎಂದು ಲೆಕ್ಕವಿಟ್ಟು ಬರೆದ. ನೂರಕ್ಕೆ ಸುಮಾರು 65ರಲ್ಲಿ ಅದು ದೊಡ್ಡ ಕರುಳಿನ ಮೊದಲ ಭಾಗವಾದ ಸೀಕಂನ ಬೆನ್ನಿಗೆ ಅಡಗಿತ್ತು, ಸುಮಾರು 31ರಲ್ಲಿ ಕಿಬ್ಬೊಟ್ಟೆಯ ಗೂಡಿಗೆ ಇಳಿದಿತ್ತು. ಹೀಗೆ ಕೆಳಗಿಳಿದ ಅಪೆಂಡಿಕ್ಸಿನ ತುದಿ ಬಲ ಅಂಡಾಶಯಕ್ಕೋ ಗರ್ಭನಾಳಕ್ಕೋ ತಾಗಿಕೊಂಡೇ ಇರುತ್ತದೆ. ಬಲಗಡೆ ಕೆಳಹೊಟ್ಟೆ ನೋವೆಂದು ಬಂದ ಹುಡುಗಿಯನ್ನು ನಾನು ಸರ್ಜನ್ ಹತ್ತಿರ ಕಳಿಸುವುದು, ಅವರು ನನ್ನ ಹತ್ತಿರ ವಾಪಸು ಕಳಿಸುವುದು ನಮ್ಮೂರಿನಲ್ಲಿ ನಡೆದೇ ಇದೆ. ಅಂಡಾಶಯ ತಿರುಚಿಕೊಂಡಿದೆಯೋ, ಗರ್ಭನಾಳದಲ್ಲಿ ಗರ್ಭ ನಿಂತಿದೆಯೋ, ಅಪೆಂಡಿಕ್ಸ್ ಊದಿದೆಯೋ ಎಂಬುದು ಎಷ್ಟೋ ಸಲ ಕ್ಯಾಮೆರಾ ಒಳಗೆ ಹೋದ ಮೇಲೆಯೇ ತಿಳಿಯುವುದು.

ಸೀಮೆಯ ಜಗಳದ ಮಾತು ಬಂದದ್ದಕ್ಕೆ ಒಂದು ಹಳೆಯ ಪ್ರಸಂಗ ಹೇಳಿಬಿಡುತ್ತೇನೆ. ಲ್ಯಾಪರೊಸ್ಕೋಪಿಯ ಮೂಲಕ, ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಉಪಕರಣ ತೂರಿಸಿ, ಅಪೆಂಡಿಕ್ಸನ್ನು ಮೊದಲು ತೆಗೆದವರು ಸ್ತ್ರೀರೋಗ ತಜ್ಞರು: ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ಕುರ್ಟ್ ಸೆಮ್, 1980ರ ಸೆಪ್ಟೆಂಬರ್‌ನಲ್ಲಿ. ಜನರಲ್ ಸರ್ಜನ್ನರಿಗೆ ಸಿಟ್ಟು ಬಂತು. ಈ ಮನುಷ್ಯ ವೈದ್ಯವೃತ್ತಿ ಮಾಡದಂತೆ ತಡೆಯಬೇಕು ಎಂದು ಜರ್ಮನ್ ಸರ್ಜನ್ನರ ಸಂಘದ ಅಧ್ಯಕ್ಷರು ಸ್ತ್ರೀರೋಗ ತಜ್ಞರ ಸಂಘಕ್ಕೆ ಪತ್ರ ಬರೆದರು. ಇಂದು ಊರೂರಿನ ನರ್ಸಿಂಗ್ ಹೋಮ್‌ಗಳಲ್ಲಿ ಸರ್ಜನ್ನರು ಅಪೆಂಡಿಕ್ಸಿನ ಬುಡ ಕಟ್ಟಲು ಬಳಸುವ ಜೀರುಗುಣಿಕೆಯ ದಾರವನ್ನು ಲ್ಯಾಪರೊಸ್ಕೋಪಿಗೆ ತಂದವರೂ ಅವರೇ. ನಮ್ಮ ಸರ್ಜನ್ ಮಿತ್ರರನ್ನು ಚುಡಾಯಿಸಬೇಕೆನಿಸಿದಾಗ ಈ ಕಥೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಆದರೆ ಆರೋಗ್ಯವಾಗಿರುವ ಅಪೆಂಡಿಕ್ಸನ್ನು ಮಾತ್ರ ನಾನೇ ತೆಗೆಯುವುದು. ಅದು ಊದಿ, ಕೀವಾಗಿ, ಸುತ್ತಮುತ್ತಲಿನ ಕರುಳಿಗೆ ಅಂಟಿಕೊಂಡಿದ್ದರೆ ಅವರನ್ನೇ ಕರೆಯುತ್ತೇನೆ. ನನಗೆ ಈ ಕೆಲಸ ಕಲಿಸಿದವರೂ ಒಬ್ಬ ಸರ್ಜನ್ನರೇ.

ಈಗ ನನ್ನ ಪದ್ಧತಿಗೆ ಒಂದು ಉದಾಹರಣೆ. ಗುರುತು ಸಿಗದಂತೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯ ಒಬ್ಬ ಹೆಣ್ಣುಮಗಳು. ಮೂವತ್ತು ಆಗಿರಲಿಲ್ಲ, ಇಬ್ಬರು ಮಕ್ಕಳು. ಬಲ ಅಂಡಾಶಯದಲ್ಲಿ ಡರ್ಮಾಯ್ಡ್ ಗಡ್ಡೆ. ಒಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲೂ ಇರುತ್ತದಲ್ಲ, ಆ ಬಗೆಯದು. ಲ್ಯಾಪರೊಸ್ಕೋಪಿಯಲ್ಲಿ ಗಡ್ಡೆಯನ್ನಷ್ಟೇ ಬಿಡಿಸಿ ಅಂಡಾಶಯ ಉಳಿಸುವುದೆಂದು ಮಾತಾಯಿತು. ಎದ್ದು ಹೊರಡುವ ಮೊದಲು ಆಕೆ, ಗಂಡನಿಗೂ ಬಾಯಿ ಹಾಕಲು ಬಿಡದೆ, “ಮೇಡಂ, ಅಪೆಂಡಿಕ್ಸನ್ನೂ ತೆಗೆಯುತ್ತೀರಾ?” ಎಂದು ಕೇಳಿದಳು. ನಾನು ನನ್ನ ಮಾಮೂಲು ಉತ್ತರ ಶುರುಮಾಡಿದೆ: ನೂರಕ್ಕೆ ಇಷ್ಟು, ಬೇಕಾಗಿಲ್ಲ, ಚಿಂತೆ ಬೇಡ. ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ನಮ್ಮ ಭಾವನ ಮಗನಿಗೆ ರಾತ್ರಿ ಹೊಟ್ಟೆನೋವು ಬಂದಿತ್ತು. ಸಂಜೆಯ ಮೇಲೆ ಲಾಂಚ್ ಇಲ್ಲ. ಬೆಳಗಿನ ತನಕ ದಡದಲ್ಲಿ ಕುಳಿತಿದ್ದೆವು. ಸಾಗರ ಪೇಟೆ ಮುಟ್ಟುವ ಹೊತ್ತಿಗೆ ಅಪೆಂಡಿಕ್ಸ್ ಒಡೆದುಹೋಗಿತ್ತು” ಎಂದಳು.

ಹಿನ್ನೀರು ದಾಟುವ ಸಿಗಂದೂರಿನ ಸೇತುವೆ ಆಗ ಇರಲಿಲ್ಲ. ಅದು ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಂದಿನಿಂದ ಆ ದಡದವರಿಗೆ ಹೊರಜಗತ್ತೆಂದರೆ ಲಾಂಚು. ಬಸ್ಸು, ಜೀಪು, ಬಸುರಿ, ಬಾಣಂತಿ ಎಲ್ಲವೂ ಅದರ ಮೇಲೆಯೇ ದಾಟಬೇಕಿತ್ತು. ಸುತ್ತುಬಳಸಿನ ಕಾಡುದಾರಿಯೂ ಇತ್ತು, ಮಳೆಗಾಲದ ನಡುರಾತ್ರಿ ಅದನ್ನು ನಂಬಿ ಹೊರಡುವವರು ಕಡಿಮೆ. ಅಮೆರಿಕದ ಸರಾಸರಿ ಹೆಂಗಸಿಗೆ ಅಪೆಂಡಿಸೈಟಿಸ್ ಬಂದರೆ ಅರ್ಧ ಗಂಟೆಯಲ್ಲಿ ಆಸ್ಪತ್ರೆ. ಆಕೆಗೆ ಹಾಗಲ್ಲ. ಬರುವ ಸಂಭವ ಇಬ್ಬರಿಗೂ ಒಂದೇ ಇರಬಹುದು, ಬಂದರೆ ತೆರಬೇಕಾದ ಬೆಲೆ ಒಂದೇ ಅಲ್ಲ. ಅಂಟಾರ್ಕ್ಟಿಕದ ಸೋವಿಯತ್ ನೆಲೆಯಲ್ಲಿ 1961ರಲ್ಲಿ ಲಿಯೊನಿದ್ ರೊಗೊಜೊವ್ ಎಂಬ ವೈದ್ಯ ತನ್ನ ಅಪೆಂಡಿಕ್ಸನ್ನು ತಾನೇ ಕನ್ನಡಿ ಹಿಡಿಸಿಕೊಂಡು ತೆಗೆದುಕೊಂಡದ್ದು ವೈದ್ಯಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿದ್ದ ಹದಿಮೂರು ಮಂದಿಯಲ್ಲಿ ವೈದ್ಯ ಆತನೊಬ್ಬನೇ. ತನ್ನ ಅಂಟಾರ್ಕ್ಟಿಕ ನೆಲೆಗಳಲ್ಲಿ ಚಳಿಗಾಲ ಕಳೆಯುವ ವೈದ್ಯರು ಮೊದಲೇ ಅಪೆಂಡಿಕ್ಸ್ ತೆಗೆಸಿಕೊಂಡಿರಬೇಕೆಂಬ ನಿಯಮ ಆಸ್ಟ್ರೇಲಿಯಾದಲ್ಲಿದೆ. ದೂರವೂ ಒಂದು ವೈದ್ಯಕೀಯ ಕಾರಣವೇ. ಚಿಕ್ಕ ವಯಸ್ಸು, ದೂರದ ಊರು, ಹೇಗೂ ಆಗಲಿರುವ ಲ್ಯಾಪರೊಸ್ಕೋಪಿ, ಇಷ್ಟೆಲ್ಲಕ್ಕಿಂತ ಹೆಚ್ಚಾಗಿ ಆಕೆಯೇ ಯೋಚಿಸಿ ಕೇಳಿದ್ದು. ತೆಗೆಯುತ್ತೇನೆ ಎಂದೆ.

ಒಪ್ಪಿಗೆ ಪತ್ರದ ಬಗ್ಗೆ ನಾನು ಸ್ವಲ್ಪ ಹಟಮಾರಿ. ನಮ್ಮಲ್ಲಿ ಅಚ್ಚಾದ ಫಾರಂಗಳಲ್ಲಿ “ವೈದ್ಯರು ಅಗತ್ಯವೆಂದು ಭಾವಿಸುವ ಯಾವುದೇ ಹೆಚ್ಚುವರಿ ಚಿಕಿತ್ಸೆಗೆ” ಎಂದೊಂದು ಸಾಲು ಇರುತ್ತದೆ. ಆ ಸಾಲಿನ ನೆರಳಲ್ಲಿ ಏನು ಬೇಕಾದರೂ ಮಾಡಬಹುದು ಎಂದುಕೊಂಡವರಿಗೆ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಉತ್ತರ ಕೊಟ್ಟಿದೆ. ಪರೀಕ್ಷೆಗಾಗಿ ಲ್ಯಾಪರೊಸ್ಕೋಪಿಗೆ ಒಪ್ಪಿದ್ದ ಮಹಿಳೆಯೊಬ್ಬರಿಗೆ ಅರಿವಳಿಕೆಯಲ್ಲಿದ್ದಾಗಲೇ, ಹೊರಗೆ ಕುಳಿತಿದ್ದ ತಾಯಿಯ ಸಹಿ ಪಡೆದು ಗರ್ಭಕೋಶ, ಅಂಡಾಶಯ ಎಲ್ಲವನ್ನೂ ತೆಗೆದ ಪ್ರಕರಣ ಅದು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಒಪ್ಪಿಗೆಯಾಗದು. ವಯಸ್ಕ ರೋಗಿಗೆ ಎಚ್ಚರವಾದ ಮೇಲೆ ಕೇಳಬಹುದಾಗಿದ್ದರೆ ಬೇರೆಯವರ ಸಹಿ ನಡೆಯದು. ಜೀವ ಅಥವಾ ಆರೋಗ್ಯ ಉಳಿಸಲು ಆಗಲೇ ಮಾಡಬೇಕಾದ, ತಡಮಾಡಲಾಗದ ಕೆಲಸಕ್ಕೆ ಮಾತ್ರ ವಿನಾಯಿತಿ ಎಂದು ನ್ಯಾಯಾಲಯ ಹೇಳಿತು. ಆರೋಗ್ಯವಾಗಿರುವ ಅಪೆಂಡಿಕ್ಸ್ ಈ ವಿನಾಯಿತಿಯೊಳಗೆ ಯಾವ ದಾರಿಯಿಂದಲೂ ಬರಲಾರದು. ಹಾಗಾಗಿ ನಮ್ಮ ಫಾರಂನಲ್ಲಿ ಕನ್ನಡದಲ್ಲೇ, ಕೈಬರಹದಲ್ಲಿ ಒಂದು ಸಾಲು ಬರೆಸುತ್ತೇನೆ. ಆಯ್ಕೆ ಮೂರು: ಅಪೆಂಡಿಕ್ಸ್ ತೆಗೆಯಿರಿ, ಮುಟ್ಟಬೇಡಿ, ನೋಡಿ ಸರಿಯಿಲ್ಲವೆನಿಸಿದರೆ ಮಾತ್ರ ತೆಗೆಯಿರಿ. ಹೆಚ್ಚಿನವರು ಮೂರನೆಯದನ್ನು ಆರಿಸುತ್ತಾರೆ. ಸಹಿ ಆಕೆಯದೇ ಇರಬೇಕು. ಹೆಬ್ಬೆಟ್ಟಾದರೂ ಆಕೆಯದೇ.

ಜೊತೆಗೆ ಅಪಾಯಗಳನ್ನೂ ಹೇಳುತ್ತೇನೆ. ಬುಡದ ಕಟ್ಟು ಸಡಿಲವಾದರೆ ಮಲ ಸೋರಬಹುದು, ರಕ್ತನಾಳದ ಕಟ್ಟು ಜಾರಿದರೆ ರಕ್ತಸ್ರಾವವಾಗಬಹುದು, ಗಾಯಕ್ಕೆ ಸೋಂಕು ತಗುಲಬಹುದು, ಕರುಳು ಅಂಟಿಕೊಳ್ಳಬಹುದು. ಇವು ಅಪರೂಪ. ಆದರೆ ಕಾಯಿಲೆಯೇ ಇಲ್ಲದ ಅಂಗವನ್ನು ತೆಗೆದು ಈ ಅಪರೂಪ ಸಂಭವಿಸಿದರೆ ಆಕೆಗೆ ಏನೆಂದು ಉತ್ತರ ಹೇಳುವುದು?

ತೆಗೆಯುವ ಕ್ರಮಕ್ಕೆ ಬರುತ್ತೇನೆ. ಮುಖ್ಯ ಕೆಲಸ ಮೊದಲು. ಅಂಡಾಶಯದ ಗಡ್ಡೆ ಬಿಡಿಸಿ, ಚೀಲದಲ್ಲಿ ಹಾಕಿ, ರಕ್ತ ಪೂರ್ತಿ ನಿಂತಿದೆ ಎಂದು ಖಾತರಿಯಾದ ಮೇಲೆಯೇ ಅಪೆಂಡಿಕ್ಸ್. ಮುಖ್ಯ ಶಸ್ತ್ರಚಿಕಿತ್ಸೆಯಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ರಕ್ತ ಹೋಗಿದ್ದರೆ, ಅರಿವಳಿಕೆ ತಜ್ಞರು ಗಡಿಯಾರ ನೋಡಲು ಶುರುಮಾಡಿದ್ದರೆ, ಒಪ್ಪಿಗೆ ಇದ್ದರೂ ಅಪೆಂಡಿಕ್ಸನ್ನು ಬಿಟ್ಟು ಬರುತ್ತೇನೆ. ಸೋಂಕು ತಡೆಯುವ ಚುಚ್ಚುಮದ್ದು ಕೊಯ್ಯುವ ಮೊದಲೇ ಹೋಗಿರುತ್ತದೆ. ಕರುಳಿನ ಕೆಲಸವಿದೆಯೆಂದು ಮೊದಲೇ ಗೊತ್ತಿರುವುದರಿಂದ ಮೆಟ್ರೊನಿಡಜೋಲ್ ಸೇರಿಸಿರುತ್ತೇವೆ.

ಮೇಜನ್ನು ತಲೆ ಕೆಳಗಾಗಿ, ಎಡಕ್ಕೆ ವಾಲಿಸಿದರೆ ಸಣ್ಣ ಕರುಳು ಜಾರಿ ಬಲಗಡೆ ಬಯಲಾಗುತ್ತದೆ. ಅಪೆಂಡಿಕ್ಸ್ ಹುಡುಕುವುದಕ್ಕೆ ಒಂದು ಸುಲಭದ ದಾರಿ ಇದೆ. ದೊಡ್ಡ ಕರುಳಿನ ಮೇಲೆ ಉದ್ದಕ್ಕೆ ಬಿಳಿ ಲಾಡಿಯಂತೆ ಮೂರು ಸ್ನಾಯುಪಟ್ಟಿಗಳು ಸಾಗಿರುತ್ತವೆ. ಮುಂದಿನ ಪಟ್ಟಿಯನ್ನು ಹಿಡಿದು ಕೆಳಗಿಳಿದರೆ ಮೂರೂ ಕೂಡುವ ಜಾಗದಲ್ಲಿ ಅಪೆಂಡಿಕ್ಸಿನ ಬುಡ ಸಿಕ್ಕೇ ಸಿಗುತ್ತದೆ. ತುದಿ ಎಲ್ಲಾದರೂ ಇರಲಿ, ಬುಡ ಅಲ್ಲಿಂದ ಕದಲುವುದಿಲ್ಲ. ಸೀಕಂನ ಬೆನ್ನಿಗೆ ಅಡಗಿದ್ದು, ಅದನ್ನು ಹೊರತರಲು ಕರುಳನ್ನು ಪಕ್ಕದ ಗೋಡೆಯಿಂದ ಬಿಡಿಸಬೇಕಾಗಿ ಬಂದರೆ ಅಲ್ಲಿಗೇ ಕೈಬಿಡುತ್ತೇನೆ. ಆರೋಗ್ಯವಾಗಿರುವುದನ್ನು ಹುಡುಕಿಕೊಂಡು ಅಷ್ಟು ದೂರ ಹೋಗುವುದು ಅತಿಯಾಯಿತು.

ತುದಿಯನ್ನು ಮೆಲ್ಲಗೆ ಹಿಡಿದೆತ್ತಿದರೆ ಅಡಿಯಲ್ಲಿ ತೆಳುವಾದ, ಕೊಬ್ಬು ತುಂಬಿದ ತ್ರಿಕೋನದ ಪೊರೆ ಬಿಚ್ಚಿಕೊಳ್ಳುತ್ತದೆ. ಅದರ ಅಂಚಿನಲ್ಲೇ ಅಪೆಂಡಿಕ್ಸಿನ ರಕ್ತನಾಳ. ಬೈಪೋಲಾರ್ ಎಂಬ ವಿದ್ಯುತ್ ಇಕ್ಕಳದಿಂದ ಸುಟ್ಟು, ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಬುಡದ ತನಕ ಬರುತ್ತೇನೆ. ಈ ಹಂತದಲ್ಲಿ ಆತುರ ಕೂಡದು. ಸುಡುವ ತುದಿ ಸೀಕಂನ ಗೋಡೆಗೆ ತಾಗಿದರೆ ಅಂದು ಏನೂ ಕಾಣದು, ನಾಲ್ಕಾರು ದಿನಗಳ ಮೇಲೆ ಅಲ್ಲಿ ತೂತು ಬೀಳಬಹುದು. ಬುಡ ಸುತ್ತಲೂ ಬೆತ್ತಲಾದ ಮೇಲೆ ಜೀರುಗುಣಿಕೆಯ ದಾರಗಳು: ಬುಡಕ್ಕೆ ಎರಡು, ಸ್ವಲ್ಪ ಮೇಲಕ್ಕೆ ಇನ್ನೊಂದು, ನಡುವೆ ಕತ್ತರಿ. ಉಳಿಯುವ ಮೋಟು ಅರ್ಧ ಸೆಂಟಿಮೀಟರ್ ಮೀರಬಾರದು. ಉದ್ದ ಬಿಟ್ಟರೆ ಆ ಮೋಟಿನಲ್ಲೇ ಮತ್ತೆ ಅಪೆಂಡಿಸೈಟಿಸ್ ಆಗುವುದುಂಟು, ಆಗ ತೆಗೆದ ಅಪೆಂಡಿಕ್ಸ್ ಮತ್ತೆ ಹೇಗೆ ನೋಯುತ್ತದೆಂದು ಯಾರೂ ನಂಬುವುದಿಲ್ಲ. ತುಂಡನ್ನು ಚೀಲದಲ್ಲಿ ಹಾಕಿಯೇ ಹೊರಗೆ ತರುವುದು, ಹೊಟ್ಟೆಯ ಗೋಡೆಗೆ ತಾಗಿಸದಂತೆ. ಅದನ್ನು ಮುಟ್ಟಿದ ಉಪಕರಣಗಳನ್ನು ಸಿಸ್ಟರ್ ಬೇರೆ ತಟ್ಟೆಗೆ ಹಾಕುತ್ತಾರೆ, ಅವು ಮತ್ತೆ ಹೊಟ್ಟೆಗೆ ಹೋಗುವುದಿಲ್ಲ.

ಹೊಟ್ಟೆ ಕೊಯ್ದು ಮಾಡುವ ಗರ್ಭಕೋಶದ ಶಸ್ತ್ರಚಿಕಿತ್ಸೆಯಲ್ಲೂ ಇದೇ ಕ್ರಮ, ದಾರ ಮಾತ್ರ ಕೈಯಿಂದ ಕಟ್ಟುವುದು. ಹಿಂದೆ ಮೋಟನ್ನು ಸೀಕಂನ ಗೋಡೆಯೊಳಗೆ ತಳ್ಳಿ, ಸುತ್ತ ಹೊಲಿಗೆ ಹಾಕಿ ಹೂಳುತ್ತಿದ್ದರು. ಬರೀ ಕಟ್ಟಿ ಬಿಟ್ಟರೂ ಅಷ್ಟೇ ಕ್ಷೇಮ ಎಂದು ಎರಡನ್ನೂ ಹೋಲಿಸಿದ ಅಧ್ಯಯನಗಳು ತೋರಿಸಿ ಬಹಳ ಕಾಲವಾಯಿತು. ಹೂಳುವ ಹೊಲಿಗೆಯಲ್ಲಿ ಒಂದು ಬಗೆಯ ಸೊಬಗಿತ್ತು ಎಂದು ಹಳಬರು ಇವತ್ತಿಗೂ ಹೇಳುತ್ತಾರೆ, ಇರಬಹುದು.

ತುಮರಿಯ ಹೆಣ್ಣುಮಗಳಿಗೆ ಎಲ್ಲವೂ ಸರಾಗವಾಗಿ ಮುಗಿಯಿತು. ಪೆಥಾಲಜಿ ವರದಿ ಬಂದ ದಿನ ಅವಳ ಗಂಡ ಅದನ್ನು ಹಿಡಿದು ನನ್ನ ಮುಂದೆ ಕುಳಿತರು. ಡರ್ಮಾಯ್ಡ್ ಬಗ್ಗೆ ಅವರಿಗೆ ತಕರಾರಿಲ್ಲ. “ಅಪೆಂಡಿಕ್ಸ್‌ನಲ್ಲಿ ಏನೂ ಕಾಯಿಲೆ ಇಲ್ಲ ಎಂದು ಬರೆದಿದ್ದಾರಲ್ಲ ಮೇಡಂ?” ನಾನು ಬಾಯಿ ತೆರೆಯುವ ಮೊದಲೇ ಆಕೆ, “ಕಾಯಿಲೆ ಬರುವ ಮೊದಲೇ ತೆಗೆಸಿದ್ದು ಅಲ್ಲವೇನ್ರೀ” ಎಂದಳು. ಒಪ್ಪಿಗೆಯೆಂದರೆ ಹೀಗೆ ಅರ್ಥವಾಗಿರಬೇಕು.

ವರದಿಯಲ್ಲಿ ಯಾವಾಗಲೂ ಹೀಗೆ ಬರುವುದಿಲ್ಲ. ಶಾಲಾ ಶಿಕ್ಷಕಿಯೊಬ್ಬರು ವರ್ಷಗಳಿಂದ ಬಲಗಡೆ ನೋವೆಂದು ಒದ್ದಾಡುತ್ತಿದ್ದರು. ಮುಟ್ಟಿನ ದಿನಗಳಲ್ಲಿ ತರಗತಿಯಲ್ಲಿ ನಿಲ್ಲಲಾಗದಷ್ಟು ನೋವು. ಸ್ಕ್ಯಾನಿನಲ್ಲಿ ಬಲ ಅಂಡಾಶಯದ ಚಾಕಲೇಟ್ ಸಿಸ್ಟ್ ಕಂಡಿತ್ತು, ಅಂದರೆ ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂತಹದೇ ಅಂಗಾಂಶ ಇರಬಾರದ ಕಡೆ ಬೇರೂರಿ, ಅಲ್ಲೇ ತಿಂಗಳು ತಿಂಗಳು ಸ್ರವಿಸುವ ಕಾಯಿಲೆ. ಇಂಥವರ ಒಪ್ಪಿಗೆಯಲ್ಲಿ ಅಪೆಂಡಿಕ್ಸಿನ ಮಾತನ್ನು ನಾನೇ ಎತ್ತುತ್ತೇನೆ. ಒಳಗೆ ಹೋಗಿ ನೋಡಿದರೆ ಅಪೆಂಡಿಕ್ಸಿನ ತುದಿ ಗಾಳದ ಹಾಗೆ ಬಾಗಿ ಅಂಡಾಶಯದ ಬೆನ್ನಿಗೆ ಅಂಟಿತ್ತು. ಬಿಡಿಸಿ ಹಿಡಿದಾಗ ತುದಿಯ ಹತ್ತಿರ ನೀಲಿಗಪ್ಪು ಚುಕ್ಕೆಗಳು, ಇಕ್ಕಳದ ಬಾಯಿಗೆ ಸಣ್ಣ ಕಾಳಿನಂತೆ ಗಟ್ಟಿಯಾಗಿ ಸಿಗುವ ಗಂಟು. ಆರೋಗ್ಯವಾಗಿರುವ ಅಪೆಂಡಿಕ್ಸ್ ಮೆತ್ತಗೆ ಬಳುಕುತ್ತದೆ, ಇದು ಬಳುಕಲಿಲ್ಲ. ತೆಗೆದೆ. ಸ್ನಾಯುಪದರದೊಳಗೆ ಎಂಡೊಮೆಟ್ರಿಯೋಸಿಸ್ ಇದೆ ಎಂದೇ ವರದಿ ಬಂತು. ಆಮೇಲೆ ಅವರ ನೋವು ಬಹಳ ಇಳಿಯಿತು. ಆದರೆ ಸಿಸ್ಟನ್ನೂ ತೆಗೆದಿದ್ದೆ, ಅಂಟುಗಳನ್ನೂ ಬಿಡಿಸಿದ್ದೆ, ಹಾರ್ಮೋನ್ ಮಾತ್ರೆಯನ್ನೂ ಕೊಟ್ಟಿದ್ದೆ. ಅಪೆಂಡಿಕ್ಸ್ ತೆಗೆದದ್ದರಿಂದಲೇ ನೋವು ಹೋಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ಹಾಗೆ ಹೇಳಿಕೊಳ್ಳುವ ಸಹೋದ್ಯೋಗಿಗಳ ಸ್ಲೈಡುಗಳನ್ನು ಸಮ್ಮೇಳನಗಳಲ್ಲಿ ನೋಡಿ ಹುಬ್ಬೇರಿಸಿದ್ದೇನೆ.

ಇದಕ್ಕೇ ಎಲ್ಲರ ಅಪೆಂಡಿಕ್ಸನ್ನೂ ನೋಡಬೇಕು ಎನ್ನುವುದು. ನೋಡುವುದಕ್ಕೆ ಒಂದು ನಿಮಿಷ ಸಾಕು, ಅಪಾಯವಿಲ್ಲ. ತುದಿಯಲ್ಲಿ ಹಳದಿ ಛಾಯೆಯ ಗಟ್ಟಿ ಗಂಟಿದ್ದರೆ ಅದು ಕಾರ್ಸಿನಾಯ್ಡ್ ಎಂಬ ಗಡ್ಡೆಯಾಗಿರಬಹುದು. ಒಂದು ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಅಪೆಂಡಿಕ್ಸ್ ತೆಗೆದಲ್ಲಿಗೆ ಚಿಕಿತ್ಸೆ ಸಾಮಾನ್ಯವಾಗಿ ಮುಗಿಯುತ್ತದೆ. ಎರಡು ಸೆಂಟಿಮೀಟರ್ ದಾಟಿದರೆ ಬಲಭಾಗದ ದೊಡ್ಡ ಕರುಳನ್ನೇ ತೆಗೆಯಬೇಕಾಗುತ್ತದೆ. ತೆಗೆದ ಅಪೆಂಡಿಕ್ಸ್ ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ನಾನು ಪೆಥಾಲಜಿಗೆ ಕಳಿಸದೆ ಇರುವುದಿಲ್ಲ. ಖರ್ಚು ಉಳಿಸಲು ಬಕೆಟ್ಟಿಗೆ ಹಾಕುವುದಾದರೆ ತೆಗೆಯುವುದೇ ಬೇಡ.

ಅಂಡಾಶಯದ ಲೋಳೆಗಡ್ಡೆಗಳ ವಿಷಯ ಬೇರೆಯೇ. ಕೆಲವು ಸಲ ಅಂಡಾಶಯದಲ್ಲಿ ಕಾಣುವ ಲೋಳೆ ತುಂಬಿದ ಗಡ್ಡೆ ಅಲ್ಲಿ ಹುಟ್ಟಿದ್ದಾಗಿರುವುದಿಲ್ಲ, ಮೂಲ ಅಪೆಂಡಿಕ್ಸಿನಲ್ಲಿರುತ್ತದೆ. ಅಪೆಂಡಿಕ್ಸಿನ ಲೋಳೆಗಡ್ಡೆ ಒಡೆದು ಹೊಟ್ಟೆಯೆಲ್ಲ ಅಂಟಂಟು ಲೋಳೆ ತುಂಬಿಕೊಳ್ಳುವ ಕಾಯಿಲೆಗೆ ಸ್ಯೂಡೊಮಿಕ್ಸೋಮ ಎಂದು ಹೆಸರು. ಹೊಸನಗರ ಕಡೆಯ ಹಿರಿಯರೊಬ್ಬರು ಹೊಟ್ಟೆ ದಪ್ಪವಾಗುತ್ತಿದೆ ಎಂದು ಬಂದರು. ಮನೆಯವರು ಗ್ಯಾಸ್ ಎಂದುಕೊಂಡು ತಿಂಗಳುಗಟ್ಟಲೆ ಕಷಾಯ ಕುಡಿಸಿದ್ದರು. ಸಿ.ಟಿ. ಸ್ಕ್ಯಾನ್ ವರದಿಯ ಮೇಲ್ಸಾಲಿನಲ್ಲಿ ಎರಡೂ ಅಂಡಾಶಯಗಳ ಗಡ್ಡೆ. ಕೆಳಗೆಲ್ಲೋ, ಓದುವವರು ಸಾಮಾನ್ಯವಾಗಿ ನಿಲ್ಲದ ಜಾಗದಲ್ಲಿ, “ಅಪೆಂಡಿಕ್ಸ್ ಊದಿಕೊಂಡಿದೆ” ಎಂಬ ಒಂದು ಸಾಲು. ಆ ಸಾಲು ಓದಿದ ಮೇಲೆ ನಾನು ಅವರನ್ನು ಮೇಜಿಗೆ ಹತ್ತಿಸಲಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದೆ. “ನೀವೇ ಮಾಡಿ ಅಮ್ಮಾ, ಅಷ್ಟು ದೂರ ಯಾರು ಹೋಗುತ್ತಾರೆ” ಎಂದು ಅವರು ಅತ್ತರು. ಇಂಥ ಗಡ್ಡೆಯನ್ನು ಒಡೆಯದಂತೆ ತೆಗೆಯಬೇಕು, ಅದು ಎಲ್ಲಿಂದ ಹುಟ್ಟಿತು ಎಂದು ಮೇಜಿನ ಮೇಲಿರುವಾಗಲೇ ನೋಡಿ ಹೇಳುವ ಪೆಥಾಲಜಿಸ್ಟ್ ಪಕ್ಕದ ಕೋಣೆಯಲ್ಲಿರಬೇಕು, ಹೊಟ್ಟೆಯ ಒಳಪೊರೆಯನ್ನೇ ಕೆರೆದು ತೆಗೆಯಬಲ್ಲ ತಂಡ ಬೇಕು. ನಮ್ಮಲ್ಲಿ ಇವು ಯಾವುವೂ ಇಲ್ಲ. ಒಂದು ಕಾಲದಲ್ಲಿ ಅಂಡಾಶಯದ ಲೋಳೆಗಡ್ಡೆಯೆಂದರೆ ಅಪೆಂಡಿಕ್ಸನ್ನೂ ಕಡ್ಡಾಯವಾಗಿ ತೆಗೆಯಿರಿ ಎಂದು ನಮಗೆ ಕಲಿಸಿದ್ದರು. ಈಗ, ಚೆನ್ನಾಗಿ ಹಿಡಿದು ನೋಡಿ, ಪೂರ್ತಿ ಆರೋಗ್ಯವಾಗಿ ಕಂಡರೆ ಬಿಡಬಹುದು ಎನ್ನುತ್ತಾರೆ.

ಎಲ್ಲಿ ತೆಗೆಯುವುದೇ ಇಲ್ಲ ಎಂಬುದನ್ನೂ ಹೇಳಬೇಕು. ಸಿಸೇರಿಯನ್ ಜೊತೆಗೆ ತೆಗೆಯುವುದಿಲ್ಲ. ಮಗು ಬಂದಾಗಿದೆ, ಗರ್ಭಕೋಶ ಕುಗ್ಗಬೇಕು, ರಕ್ತ ನಿಲ್ಲಬೇಕು, ತಾಯಿ ಮಗುವನ್ನು ನೋಡಬೇಕು. ಅಲ್ಲಿ ಕರುಳಿಗೆ ಕೈ ಹಾಕುವುದು ನನ್ನ ಮನಸ್ಸಿಗೆ ಒಗ್ಗದು. ಮಕ್ಕಳಾಗಲೆಂದು ಗರ್ಭನಾಳ ಜೋಡಿಸುವ ಚಿಕಿತ್ಸೆಯಲ್ಲಿ ಬೇಡ, ಪಕ್ಕದಲ್ಲೇ ಕರುಳು ತೆರೆದು ಸೋಂಕನ್ನು ಕರೆಯುವುದೇಕೆ? ಜಾರಿದ ಗರ್ಭಕೋಶವನ್ನು ಜಾಲರಿ ಹಾಕಿ ಎತ್ತಿ ಕಟ್ಟುವಾಗ ಖಂಡಿತ ಬೇಡ. ಜಾಲರಿಗೆ ಸೋಂಕು ತಗುಲಿದರೆ ಅದನ್ನು ತೆಗೆಯುವುದು ಹಾಕಿದ್ದಕ್ಕಿಂತ ಕಷ್ಟ. ಬೆನ್ನುಹುರಿಯ ತೊಂದರೆಯಿಂದ ಮೂತ್ರದ ಹಿಡಿತ ಇಲ್ಲದ ಹುಡುಗಿಯರ ಅಪೆಂಡಿಕ್ಸನ್ನು ಕೇಳಿದರೂ ಮುಟ್ಟುವುದಿಲ್ಲ. ಫ್ರಾನ್ಸಿನ ಮಿತ್ರೊಫನೊಫ್ ಎಂಬ ಸರ್ಜನ್ 1980ರಲ್ಲಿ ವಿವರಿಸಿದ ಚಿಕಿತ್ಸೆಯಲ್ಲಿ ಅಪೆಂಡಿಕ್ಸನ್ನೇ ಕೊಳವೆಯಾಗಿಸಿ, ಒಂದು ತುದಿ ಮೂತ್ರಕೋಶಕ್ಕೆ, ಇನ್ನೊಂದು ಹೊಟ್ಟೆಯ ಚರ್ಮಕ್ಕೆ ಜೋಡಿಸುತ್ತಾರೆ. ರೋಗಿ ಆ ರಂಧ್ರದಿಂದ ತಾನೇ ಕೊಳವೆ ಹಾಕಿ ಮೂತ್ರ ತೆಗೆದುಕೊಳ್ಳಬಹುದು. ಉಪಯೋಗವಿಲ್ಲದ ಅಂಗ ಎಂದು ಶಾಲೆಯಲ್ಲಿ ಓದಿದವರಿಗೆ ಇದನ್ನು ಹೇಳಿದರೆ ಆಶ್ಚರ್ಯವಾಗುತ್ತದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದು ಉಗ್ರಾಣವಿರಬಹುದು ಎಂಬ ವಾದವನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2007ರಲ್ಲಿ ಮುಂದಿಟ್ಟರು. ಇದು ವಾದವೇ, ತೀರ್ಪಲ್ಲ.

ಅಪೆಂಡಿಸೈಟಿಸ್ ಎಂದೊಡನೆ ಕತ್ತಿ ಎಂಬ ಕಾಲವೂ ಸ್ವಲ್ಪ ಸಡಿಲವಾಗಿದೆ. ಒಡೆಯದ, ಸಾಧಾರಣ ಅಪೆಂಡಿಸೈಟಿಸ್‌ಗೆ ಆ್ಯಂಟಿಬಯಾಟಿಕ್ ಮಾತ್ರ ಕೊಟ್ಟು ನೋಡಿದ ಫಿನ್ಲೆಂಡಿನ ಅಧ್ಯಯನದಲ್ಲಿ ಐದು ವರ್ಷಗಳೊಳಗೆ ಕಾಯಿಲೆ ಮರುಕಳಿಸಿದ್ದು ನೂರಕ್ಕೆ 39 ಮಂದಿಗೆ. ಉಳಿದವರು ಶಸ್ತ್ರಚಿಕಿತ್ಸೆಯಿಲ್ಲದೆ ಪಾರಾದರು. ಮುಂದೆಂದೋ ಬರಬಹುದೆಂಬ ಭಯಕ್ಕೆ ಈಗಲೇ ತೆಗೆಸಬೇಕು ಎನ್ನುವವರಿಗೆ ಇದನ್ನೂ ಹೇಳುತ್ತೇನೆ.

ತನ್ನ ನೋವನ್ನು ಹೇಳಿಕೊಳ್ಳಲಾಗದ ಬುದ್ಧಿಮಾಂದ್ಯ ಮಗಳನ್ನು ಕರೆತಂದ ತಾಯಿಯೊಬ್ಬರ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತ್ತು. ಹುಡುಗಿಗೆ ಅಂಡಾಶಯದ ದೊಡ್ಡ ಗಡ್ಡೆ. “ಹಲ್ಲುನೋವು ಬಂದರೂ ಗೊತ್ತಾಗುವುದಿಲ್ಲ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ. ಅಪೆಂಡಿಕ್ಸ್ ಬಂದರೆ ನನಗೆ ಹೇಗೆ ಗೊತ್ತಾಗಬೇಕು?” ಎಂದರು ಆ ತಾಯಿ. ಅಲ್ಲಿ ತೆಗೆಯುವುದು ಸರಿ ಎಂದು ನನಗನಿಸಿತು. ಆದರೂ ಆ ಹುಡುಗಿ ತಾನಾಗಿ ಒಪ್ಪುವಂತಿರಲಿಲ್ಲವಾದ್ದರಿಂದ ಇನ್ನೊಬ್ಬ ಸರ್ಜನ್ನರ ಲಿಖಿತ ಅಭಿಪ್ರಾಯ ಪಡೆದ ಮೇಲೆಯೇ ಮುಂದುವರಿದೆ.

ಕೊನೆಗೆ ಒಂದು ಸಣ್ಣ, ಆದರೆ ಎಷ್ಟೋ ಕಡೆ ಬಿಟ್ಟುಹೋಗುವ ಕೆಲಸ. ಕಿಬ್ಬೊಟ್ಟೆಯ ಅಡ್ಡಗಾಯ ನೋಡಿ ಒಳಗೆ ಏನೇನು ತೆಗೆದಿದೆ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. “ಎಲ್ಲ ತೆಗೆದಿದ್ದಾರೆ” ಎಂದು ಮನೆಯವರು ಹೇಳುತ್ತಾರೆ. ಆ ‘ಎಲ್ಲ’ದಲ್ಲಿ ಅಪೆಂಡಿಕ್ಸ್ ಇದೆಯೋ ಇಲ್ಲವೋ ಅವರಿಗೂ ಗೊತ್ತಿರುವುದಿಲ್ಲ. ನಾಲ್ಕು ವರ್ಷಗಳ ಮೇಲೆ ಬೇರೆ ಊರಿನಲ್ಲಿ ಬಲಗಡೆ ನೋವು ಬಂದಾಗ ಡ್ಯೂಟಿ ಡಾಕ್ಟರು ಆ ಮಾತು ನಂಬಿ ಅಪೆಂಡಿಸೈಟಿಸನ್ನು ಲೆಕ್ಕದಿಂದಲೇ ಬಿಟ್ಟರೆ ಅನಾಹುತ. ಅದಕ್ಕಾಗಿ ನಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಸಾಲು ಕಡ್ಡಾಯ: “ಅಪೆಂಡಿಕ್ಸ್ ತೆಗೆದಿದೆ” ಅಥವಾ “ಅಪೆಂಡಿಕ್ಸ್ ನೋಡಿದೆ, ಆರೋಗ್ಯವಾಗಿದೆ, ತೆಗೆದಿಲ್ಲ”. ಚೀಟಿ ಮಳೆಯಲ್ಲಿ ನೆನೆದೋ ಗೆದ್ದಲು ತಿಂದೋ ಹೋಗುವುದು ಮಲೆನಾಡಿನಲ್ಲಿ ಮಾಮೂಲು. ಅದರ ಫೋಟೊ ತೆಗೆದು ಮನೆಯಲ್ಲಿ ಇಬ್ಬರ ಮೊಬೈಲಿನಲ್ಲಾದರೂ ಇಟ್ಟುಕೊಳ್ಳಿ ಎಂದು ನಮ್ಮ ಸಿಸ್ಟರ್ ಹೊಲಿಗೆ ಬಿಚ್ಚುವಾಗ ಹೇಳುತ್ತಾರೆ, ಹೇಳಿ ಅಲ್ಲೇ ತೆಗೆಸುತ್ತಾರೆ.